ಡಾಂಬರಿಗಿಂತ ಮೊದಲು ನೀರು, ಮಣ್ಣು: ಹಳ್ಳಿ ರಸ್ತೆಯನ್ನು ಮಿತವ್ಯಯದಲ್ಲಿ ಕಟ್ಟಿ ಕಾಪಾಡುವ ಕ್ರಮ

ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಹೋಗುವ ರಸ್ತೆಯ ಅಂದಾಜು ಪಟ್ಟಿ ಕೈಗೆ ಬಂದರೆ ಹೆಚ್ಚಿನವರು ಮೊದಲು ಹುಡುಕುವುದು ಡಾಂಬರಿನ ದಪ್ಪವನ್ನು. ಆದರೆ ನಮ್ಮ ಬಹುಪಾಲು ಹಳ್ಳಿ ರಸ್ತೆಗಳ ಮೇಲೆ ಬೀಳುವ 20 ಮಿ.ಮೀ. ಕಾರ್ಪೆಟ್‌ಗೆ (ಸಣ್ಣ ಜೆಲ್ಲಿ-ಡಾಂಬರಿನ ತೆಳು ಹೊದಿಕೆಗೆ) ಭಾರ ಹೊರುವ ಶಕ್ತಿ ಇದೆಯೆಂದು ವಿನ್ಯಾಸದಲ್ಲಿ ಯಾರೂ ಲೆಕ್ಕ ಹಿಡಿಯುವುದಿಲ್ಲ. ತನ್ನ ಮೇಲಿನ ರಂಧ್ರ ಮುಚ್ಚುವ ಲೇಪವಾದ ಸೀಲ್ ಕೋಟ್‌ನೊಂದಿಗೆ ಸೇರಿ ಮಳೆನೀರು ಕೆಳಗಿಳಿಯದಂತೆ ತಡೆಯುವುದು, ದೂಳು ಏಳದಂತೆ ಮಾಡುವುದು, ಚಕ್ರಕ್ಕೆ ನಯವಾದ ಮೈ ಒದಗಿಸುವುದು ಇಷ್ಟೇ ಅದರ ಕೆಲಸ. ಭಾರ ಹೊರುವುದು ಅದರ ಕೆಳಗಿನ ಜೆಲ್ಲಿ ಪದರ, ಅದರ ಕೆಳಗಿನ ಗರಸಿನ ಪದರ, ಎಲ್ಲಕ್ಕೂ ಕೆಳಗಿರುವ ಮಣ್ಣು. ಈ ಮೂರೂ ಒಣಗಿರುವವರೆಗೆ ರಸ್ತೆ ಬಾಳುತ್ತದೆ; ನೆನೆದವೆಂದರೆ ಮೇಲೆ ಎಷ್ಟು ಕಪ್ಪು ಬಳಿದರೂ ಉಳಿಯುವುದಿಲ್ಲ. ಆದ್ದರಿಂದ ಕಡಿಮೆ ಖರ್ಚಿನ ರಸ್ತೆ ಬೇಕೆನ್ನುವವರು ಹಣವನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ಮೊದಲು ಚರಂಡಿಗೆ, ಆಮೇಲೆ ಮಣ್ಣಿಗೆ, ಆಮೇಲೆ ಜೆಲ್ಲಿಗೆ, ಕೊನೆಗೆ ಡಾಂಬರಿಗೆ ಎಂಬ ಕ್ರಮದಲ್ಲಿ ಹಂಚಬೇಕು ಎಂಬುದು ಈ ಲೇಖನದ ಒಟ್ಟು ನಿಲುವು.

ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ ಕಿರಿಯ ಎಂಜಿನಿಯರುಗಳು, ಸಣ್ಣ ಗುತ್ತಿಗೆದಾರರು ಮತ್ತು ತಮ್ಮ ಊರಿನ ಕಾಮಗಾರಿಯನ್ನು ಕಣ್ಣಿಟ್ಟು ನೋಡಬೇಕೆನ್ನುವ ಗ್ರಾಮ ಪಂಚಾಯಿತಿ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಹೆದ್ದಾರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ:37-2018 ಮಾರ್ಗಸೂಚಿ ಇದೆ. ಕಡಿಮೆ ಸಂಚಾರದ ಗ್ರಾಮೀಣ ರಸ್ತೆಗಳಿಗೆ ಐಆರ್‌ಸಿ:ಎಸ್‌ಪಿ:72-2015 ಇದೆ. ಇಲ್ಲಿನ ಮಾತು ಮುಖ್ಯವಾಗಿ ಎರಡನೆಯದರ ವ್ಯಾಪ್ತಿಗೆ ಸೇರಿದ್ದು.

ಹಂತ 1: ಮಳೆಗಾಲದಲ್ಲಿ ಒಮ್ಮೆ ರಸ್ತೆಯ ಉದ್ದಕ್ಕೂ ನಡೆಯಿರಿ

ಸರ್ವೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ನಡೆಯುತ್ತದೆ, ಬೇಸಿಗೆಯಲ್ಲಿ ಎಲ್ಲ ರಸ್ತೆಯೂ ಒಣಗಿಯೇ ಇರುತ್ತದೆ. ಜುಲೈನಲ್ಲೋ ಆಗಸ್ಟ್‌ನಲ್ಲೋ ಮಳೆ ಬಿದ್ದ ಮರುದಿನ ಅದೇ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಹೋದರೆ ಯಾವ ಉಪಕರಣವೂ ಹೇಳದಷ್ಟು ವಿಷಯ ತಿಳಿಯುತ್ತದೆ. ನೀರು ಎಲ್ಲಿ ರಸ್ತೆಯನ್ನು ದಾಟುತ್ತದೆ, ಎಲ್ಲಿ ರಸ್ತೆಯ ಪಕ್ಕದಲ್ಲೇ ನಿಂತಿದೆ, ಯಾವ ಮೋರಿಯ ಬಾಯಿ ಹೂಳಿನಿಂದ ಮುಚ್ಚಿದೆ, ಯಾವ ಹೊಲದ ಬದು ರಸ್ತೆಗಿಂತ ಎತ್ತರವಾಗಿದೆ ಎಂಬುದನ್ನು ಚೈನೇಜ್ (ರಸ್ತೆಯ ಆರಂಭದಿಂದ ಅಲ್ಲಿಗಿರುವ ದೂರ) ಸಹಿತ ಬರೆದುಕೊಳ್ಳಬೇಕು. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಹಳೆಯ ದೊಡ್ಡ ಮಳೆಯಲ್ಲಿ ಹಳ್ಳದ ನೀರು ಯಾವ ಮಟ್ಟಕ್ಕೆ ಏರಿತ್ತು ಎಂಬುದು ಸಹ ಗೊತ್ತಾಗುತ್ತದೆ. ರಸ್ತೆಯ ತಳಮಣ್ಣಿನ ಪದರದ ಅಡಿಭಾಗವು ಆ ಮಟ್ಟಕ್ಕಿಂತ ಕನಿಷ್ಠ 0.6 ಮೀಟರ್ ಮೇಲಿರುವಂತೆ ಏರಿಯ ಎತ್ತರವನ್ನು ನಿಗದಿಪಡಿಸಬೇಕಾದ್ದರಿಂದ ಈ ಒಂದು ಮಾಹಿತಿಯೇ ಮುಂದಿನ ಅರ್ಧ ವಿನ್ಯಾಸವನ್ನು ತೀರ್ಮಾನಿಸಿಬಿಡುತ್ತದೆ.

ಚರಂಡಿಗಳು ಮುಚ್ಚುವುದಕ್ಕೆ ದೊಡ್ಡ ಕಾರಣ ಹೂಳಲ್ಲ, ಹೊಲಕ್ಕೆ ಇಳಿಯುವ ದಾರಿಗಳು. ರೈತನಿಗೆ ತನ್ನ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಲೇಬೇಕು. ಅಂದಾಜು ಪಟ್ಟಿಯಲ್ಲಿ ಅದಕ್ಕೆ ಏರ್ಪಾಡು ಇಲ್ಲದಿದ್ದರೆ ಆತ ಚರಂಡಿಗೆ ಮಣ್ಣು ತುಂಬಿಯೇ ಇಳಿಸುತ್ತಾನೆ. ಒಬ್ಬರು ಮಣ್ಣು ತುಂಬಿದ ಜಾಗದಲ್ಲಿ ಇಡೀ ಚರಂಡಿಯ ನೀರು ನಿಂತು, ರಸ್ತೆಯ ಕೆಳಗೆ ಇಂಗಿ, ಒಂದೇ ಮಳೆಗಾಲದಲ್ಲಿ ಅಂಚು ಕುಸಿಯುತ್ತದೆ. ಅದಕ್ಕೆ ರೈತನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಹೊಲದ ದಾರಿಗಳನ್ನು ಮೊದಲೇ ಎಣಿಸಿ, ಒಂದೊಂದಕ್ಕೂ ಸಿಮೆಂಟ್ ಪೈಪ್ ಹಾಕುವ ಬಾಬ್ತನ್ನು ಅಂದಾಜಿನಲ್ಲಿ ಸೇರಿಸಿದರೆ, ಆ ಖರ್ಚು ಮುಂದೆ ಕುಸಿದ ಅಂಚನ್ನು ಕಟ್ಟುವ ಖರ್ಚಿನ ಮುಂದೆ ಏನೂ ಅಲ್ಲ.

ಊರೊಳಗಿನ ತುಂಡಿನ ವಿಷಯ ಬೇರೆ. ಮನೆಗಳ ಬಚ್ಚಲು ನೀರು ರಸ್ತೆಗೆ ಹರಿಯುವ ಕಡೆ, ನಲ್ಲಿಯ ಬಳಿ ಸದಾ ಕೆಸರಿರುವ ಕಡೆ ಡಾಂಬರು ರಸ್ತೆ ಮಾಡುವುದು ದಂಡ. ಅಂಥ 100–200 ಮೀಟರ್ ಉದ್ದಕ್ಕೆ ಕಾಂಕ್ರೀಟ್ ರಸ್ತೆ, ಅದರ ಎರಡೂ ಬದಿಗೆ ಕಟ್ಟಿದ ಚರಂಡಿ ಇರಲಿ. ಡಾಂಬರು ಊರ ಹೊರಗೆ ಇರಲಿ.

ಹಂತ 2: ವಾಹನಗಳನ್ನಲ್ಲ, ಭಾರವನ್ನು ಎಣಿಸಿ

ಬೈಕು, ಆಟೊ, ಕಾರುಗಳು ರಸ್ತೆಯನ್ನು ಹಾಳು ಮಾಡುವುದಿಲ್ಲ. ಲೆಕ್ಕಕ್ಕೆ ಬರುವುದು 3 ಟನ್ ಅಥವಾ ಅದಕ್ಕಿಂತ ಹೆಚ್ಚು ತೂಗುವ ವಾಣಿಜ್ಯ ವಾಹನಗಳು ಮಾತ್ರ, ಅವುಗಳಲ್ಲೂ ಮುಖ್ಯವಾದುದು ಒಂದೊಂದು ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಬೀಳುವ ಭಾರ. ಪ್ರಮಾಣಿತ ಆಕ್ಸಲ್ ಎಂದರೆ 80 ಕಿಲೋನ್ಯೂಟನ್, ಸುಮಾರು 8.16 ಟನ್. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೊ (ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪ್ರಯೋಗದಿಂದ ಹೊರಬಂದ ನಿಯಮದ ಪ್ರಕಾರ ಹಾನಿಯು ಭಾರದ ಸರಿಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು, ಕಾನೂನುಬದ್ಧವಾಗಿಯೇ 11.5 ಟನ್ ಹೊತ್ತ ಆಕ್ಸಲ್ ಒಮ್ಮೆ ಹಾದುಹೋದರೆ ಪ್ರಮಾಣಿತ ಆಕ್ಸಲ್ ಸುಮಾರು 4 ಬಾರಿ ಹಾದುಹೋದಷ್ಟು ಹಾನಿ. ಮರಳೋ ಜೆಲ್ಲಿಯೋ ಮಿತಿಮೀರಿ ತುಂಬಿಕೊಂಡು ಅದೇ ಆಕ್ಸಲ್ ಮೇಲೆ 14 ಟನ್ ಬಿದ್ದರೆ ಅದು 8ರಿಂದ 9 ಪಟ್ಟು. ಕ್ವಾರಿಯೊಂದು ರಸ್ತೆಯ ಪಕ್ಕದಲ್ಲಿ ಶುರುವಾದ ವರ್ಷದೊಳಗೇ ರಸ್ತೆ ಪುಡಿಯಾಗುವುದರ ಕಾರಣ ಇದೇ.

ಗ್ರಾಮೀಣ ರಸ್ತೆಗೆ ಮೂರು ದಿನ, ಹಗಲೂ ರಾತ್ರಿಯೂ ಎಣಿಕೆ ನಡೆಸಿ, ಅದರಲ್ಲಿ ಒಂದು ದಿನ ಸಂತೆಯ ದಿನ ಬರದಂತೆಯೋ ಬಂದರೆ ಅದನ್ನು ಪ್ರತ್ಯೇಕವಾಗಿ ತೋರಿಸುವಂತೆಯೋ ನೋಡಿಕೊಳ್ಳಬೇಕು. ಎಣಿಕೆ ಯಾವ ತಿಂಗಳಲ್ಲಿ ನಡೆಯಿತು ಎಂಬುದು ಇನ್ನೂ ಮುಖ್ಯ. ಬೆಳಗಾವಿ, ಬಾಗಲಕೋಟೆಯಂಥ ಜಿಲ್ಲೆಗಳಲ್ಲಿ ಜೂನ್ ತಿಂಗಳಲ್ಲಿ ಎಣಿಸಿದರೆ ರಸ್ತೆ ಖಾಲಿ. ಕಬ್ಬು ನುರಿಸುವ ಕಾಲದಲ್ಲಿ ಅದೇ ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಸಾಲು. ಸುಗ್ಗಿಯ ಹೆಚ್ಚುವರಿ ಸಂಚಾರವನ್ನು ವರ್ಷದ ಸರಾಸರಿಗೆ ಸೇರಿಸುವ ವಿಧಾನವನ್ನು ಎಸ್‌ಪಿ:72 ಕೊಟ್ಟಿದೆ, ಅದನ್ನು ಬಿಡಬಾರದು.

ಲೆಕ್ಕದ ಸೂತ್ರ ಸರಳ. ದಿನದ ವಾಣಿಜ್ಯ ವಾಹನಗಳ ಸಂಖ್ಯೆಯನ್ನು 365ರಿಂದ, ವಾಹನ ಹಾನಿ ಗುಣಾಂಕದಿಂದ (ಒಂದು ವಾಹನ ಎಷ್ಟು ಪ್ರಮಾಣಿತ ಆಕ್ಸಲ್‌ಗೆ ಸಮ ಎಂಬ ಅಂಕಿ), ಪಥ ಹಂಚಿಕೆಯ ಗುಣಾಂಕದಿಂದ ಮತ್ತು ವಾರ್ಷಿಕ ಏರಿಕೆಯನ್ನು ಒಟ್ಟುಗೂಡಿಸಿದ ಗುಣಾಂಕದಿಂದ ಗುಣಿಸಬೇಕು. ಉದಾಹರಣೆಗೆ 3.75 ಮೀಟರ್ ಅಗಲದ ಒಂಟಿ ಪಥದಲ್ಲಿ ದಿನಕ್ಕೆ 100 ವಾಣಿಜ್ಯ ವಾಹನಗಳು, ಹಾನಿ ಗುಣಾಂಕ 1.7, ವರ್ಷಕ್ಕೆ ಶೇ. 5 ಏರಿಕೆ, 10 ವರ್ಷದ ಬಾಳಿಕೆ ಎಂದಿಟ್ಟುಕೊಳ್ಳೋಣ. ಒಂಟಿ ಪಥದಲ್ಲಿ ಹೋಗುವ ಬರುವ ಎರಡೂ ಚಕ್ರ ಒಂದೇ ಜಾಡಿನಲ್ಲಿ ಬೀಳುವುದರಿಂದ ಹಂಚಿಕೆಯ ಗುಣಾಂಕ 1. ಏರಿಕೆಯ ಗುಣಾಂಕ 12.58. ಗುಣಿಸಿದರೆ ಸುಮಾರು 7.8 ಲಕ್ಷ ಪ್ರಮಾಣಿತ ಆಕ್ಸಲ್, ಕಚೇರಿಯ ಮಾತಿನಲ್ಲಿ 0.78 ಎಂಎಸ್‌ಎ (ದಶಲಕ್ಷ ಪ್ರಮಾಣಿತ ಆಕ್ಸಲ್). ಎಸ್‌ಪಿ:72ರ ಮಿತಿ 2 ಎಂಎಸ್‌ಎ ಆದ್ದರಿಂದ ಈ ರಸ್ತೆ ಅದರ ಒಳಗೇ ಬರುತ್ತದೆ. ಅದೇ ರಸ್ತೆಯ ಹಾನಿ ಗುಣಾಂಕವನ್ನು ಟಿಪ್ಪರ್‌ಗಳ ಕಾರಣಕ್ಕೆ 5 ಎಂದು ಹಿಡಿಯಬೇಕಾಗಿ ಬಂದರೆ ಲೆಕ್ಕ 2.3 ಎಂಎಸ್‌ಎಗೆ ಏರಿ, ಗ್ರಾಮೀಣ ರಸ್ತೆಯ ವಿನ್ಯಾಸವೇ ಸಾಲದು. ಹೀಗಿರುವಾಗ ಹಳೆಯ ಅಂದಾಜು ಪಟ್ಟಿಯಿಂದ ಸಂಚಾರದ ಅಂಕಿಯನ್ನು ನಕಲು ಮಾಡುವುದು ಎಷ್ಟು ದುಬಾರಿ ಅಭ್ಯಾಸ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಂತ 3: ಮಣ್ಣನ್ನು ನೆನೆಸಿ ಪರೀಕ್ಷಿಸಿ

ತಳಮಣ್ಣಿನ ಬಲವನ್ನು ಅಳೆಯುವುದು, ಮಣ್ಣು ಒತ್ತಡವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಪ್ರಮಾಣಿತ ಜೆಲ್ಲಿಗೆ ಹೋಲಿಸಿ ಶೇಕಡಾದಲ್ಲಿ ಹೇಳುವ ಸಿಬಿಆರ್ ಪರೀಕ್ಷೆಯಿಂದ. ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿದ ಮೇಲೆ ಬರುವ ಅಂಕಿಯೇ ವಿನ್ಯಾಸಕ್ಕೆ ಆಧಾರ. ಈ ಅಂಕಿಯಿಂದ ಮಣ್ಣಿನ ಸ್ಥಿತಿಸ್ಥಾಪಕ ಗುಣಾಂಕ (ಭಾರಕ್ಕೆ ತಗ್ಗದೆ ನಿಲ್ಲುವ ಬಿಗಿತದ ಅಳತೆ) ಸಿಗುತ್ತದೆ: ಸಿಬಿಆರ್ 5ರವರೆಗೆ ಅದನ್ನು 10ರಿಂದ ಗುಣಿಸಿದರಾಯಿತು. ಅಂದರೆ ಸಿಬಿಆರ್ 2 ಇರುವ ಮಣ್ಣು 20 ಮೆಗಾಪಾಸ್ಕಲ್, 5 ಇರುವ ಮಣ್ಣು 50 ಮೆಗಾಪಾಸ್ಕಲ್. ಎಸ್‌ಪಿ:72 ಪ್ರಕಾರ ಸಿಬಿಆರ್ 2 ತೀರಾ ಕಳಪೆ, 3–4 ಕಳಪೆ, 5–6 ಸಾಧಾರಣ, 7–9 ಒಳ್ಳೆಯದು, 10–15 ಬಹಳ ಒಳ್ಳೆಯದು. ಒಂದು ವರ್ಗದಿಂದ ಮೇಲಿನ ವರ್ಗಕ್ಕೆ ಏರಿದರೆ ಮೇಲೆ ಹಾಕಬೇಕಾದ ಜೆಲ್ಲಿ-ಗರಸಿನ ದಪ್ಪ ಕಡಿಮೆಯಾಗುತ್ತದೆ, ಹಣ ಉಳಿಯುವುದೂ ಅಲ್ಲೇ. 3.75 ಮೀಟರ್ ಅಗಲದ ರಸ್ತೆಯಲ್ಲಿ ಒಂದು ಕಿಲೋಮೀಟರ್‌ಗೆ 75 ಮಿ.ಮೀ. ದಪ್ಪದ ಒಂದು ಪದರವೆಂದರೆ ಉರುಳಿಸಿ ಗಟ್ಟಿಯಾದ ಮೇಲೆ 281 ಘನ ಮೀಟರ್ ಜೆಲ್ಲಿ. ಕ್ವಾರಿ 40 ಕಿಲೋಮೀಟರ್ ದೂರದಲ್ಲಿದ್ದರೆ ಆ ಒಂದು ಪದರದ ಲೀಡ್ (ಸಾಗಣೆ) ಖರ್ಚಿನಲ್ಲೇ ಮಣ್ಣನ್ನು ಸುಧಾರಿಸಬಹುದು.

ವಿಜಯಪುರ, ಗದಗ, ಕಲಬುರಗಿ, ರಾಯಚೂರು, ಧಾರವಾಡದ ಎರೆಭೂಮಿಯಲ್ಲಿ ಕೆಲಸ ಮಾಡುವವರಿಗೆ ಸಿಬಿಆರ್ ಒಂದೇ ಸಾಲದು. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಬಹಳ ಸುಲಭದ ಪರೀಕ್ಷೆ ಇದೆ. 425 ಮೈಕ್ರಾನ್ ಜರಡಿಯಲ್ಲಿ ಇಳಿದ, ಒಲೆಯಲ್ಲಿ ಒಣಗಿಸಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ, 100 ಮಿಲಿಲೀಟರ್ ಗುರುತಿನವರೆಗೆ ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಗಾಜಿನ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆಗಳನ್ನು ಹೊರಡಿಸಿ, 24 ಗಂಟೆ ಅಲುಗಾಡಿಸದೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಸೀಮೆಎಣ್ಣೆಯ ಜಾಡಿಯಲ್ಲಿ 10 ಮಿ.ಲೀ. ಗುರುತಿನಲ್ಲಿ ನಿಂತ ಮಣ್ಣು ನೀರಿನ ಜಾಡಿಯಲ್ಲಿ 18 ಮಿ.ಲೀ.ಗೆ ಏರಿದ್ದರೆ ಮುಕ್ತ ಉಬ್ಬರದ ಸೂಚ್ಯಂಕ ಶೇ. 80. ಈ ಸೂಚ್ಯಂಕ ಶೇ. 50ನ್ನು ಮೀರಿದ ಮಣ್ಣನ್ನು ರಸ್ತೆಯ ಏರಿಗೆ ಬಳಸುವಂತಿಲ್ಲ.

ಅಂಥ ಕಡೆ ದಾರಿಗಳು ಎರಡು. ಹತ್ತಿರದಲ್ಲಿ ಒಳ್ಳೆಯ ಗರಸು ಸಿಗುವುದಾದರೆ ತಳದ ಮೇಲ್ಭಾಗದಲ್ಲಿ, ರಸ್ತೆಯ ಪೂರ್ಣ ಅಗಲಕ್ಕೆ, ಉಬ್ಬದ ಮಣ್ಣಿನ ಪದರವನ್ನು ಕೊಡುವುದು ಮೊದಲನೆಯದು. ಗರಸು ದೂರವಿದ್ದರೆ ಎರೆ ಮಣ್ಣಿಗೇ ಶೇ. 3ರಿಂದ 5ರಷ್ಟು ಸುಣ್ಣ ಬೆರೆಸುವುದು ಎರಡನೆಯದು. ಸುಣ್ಣವನ್ನು ಹರಡಿ, ಟ್ರ್ಯಾಕ್ಟರ್‌ನ ರೋಟವೇಟರ್‌ನಿಂದ ಹೆಂಟೆ ಉಳಿಯದಂತೆ ಕಲಸಿ, ಹದವಾಗಿ ನೀರುಣಿಸಿ, 3 ಗಂಟೆಯೊಳಗೆ ರೋಲರ್ ಹೊಡೆದು ಮುಗಿಸಿ, ಮುಂದಿನ ಪದರ ಬೀಳುವವರೆಗೆ ತೇವ ಆರದಂತೆ ಕಾಯಬೇಕು. ರಾಯಚೂರು ಮತ್ತು ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಹತ್ತಿರದಲ್ಲಿ ಸಿಗುವ ತಾಲ್ಲೂಕುಗಳಲ್ಲಿ ಸುಣ್ಣದ ಜೊತೆ ಅದನ್ನೂ ಬಳಸಬಹುದು. ಇಷ್ಟೆಲ್ಲ ಮಾಡಿ ಪಕ್ಕದ ಬರ್ಮ್‌ಗೆ (ಡಾಂಬರಿನ ಅಂಚಿನಾಚೆಯ ಮಣ್ಣಿನ ಪಟ್ಟಿಗೆ) ಮಾತ್ರ ಅಗೆದ ಎರೆ ಮಣ್ಣನ್ನೇ ಎಳೆದು ಬಿಡುವುದನ್ನು ಬಹಳ ಕಡೆ ನೋಡುತ್ತೇವೆ. ಬೇಸಿಗೆಯಲ್ಲಿ ಆ ಬರ್ಮ್ ಬಿರಿದಾಗ ಬಿರುಕು ಡಾಂಬರಿನ ಅಂಚಿನಿಂದ ಒಂದೆರಡು ಅಡಿ ಒಳಗೆ ಉದ್ದುದ್ದ ಸಾಗುತ್ತದೆ, ಮುಂದಿನ ಮಳೆಗೆ ನೀರಿಳಿಯಲು ಅದೇ ದಾರಿ. ಬರ್ಮ್‌ಗೂ ಗರಸೇ ಬೇಕು.

ಕರಾವಳಿ ಮತ್ತು ಮಲೆನಾಡಿನಲ್ಲಿ ಮಣ್ಣು ಬಹುಮಟ್ಟಿಗೆ ಜಂಬಿಟ್ಟಿಗೆಯದು, ಬಲದ ಚಿಂತೆ ಅಷ್ಟಿಲ್ಲ. ಅಲ್ಲಿನ ಚಿಂತೆಯೆಲ್ಲ ನೀರಿನದು.

ಹಂತ 4: ಪದರಗಳನ್ನು ಆರಿಸುವುದು

ಸಂಚಾರ ಮತ್ತು ಸಿಬಿಆರ್ ಗೊತ್ತಾದ ಮೇಲೆ ಒಟ್ಟು ದಪ್ಪವನ್ನು ಎಸ್‌ಪಿ:72ರ ಪಟ್ಟಿಯಿಂದ ನೇರವಾಗಿ ತೆಗೆಯಬಹುದು. ಯೋಚಿಸಬೇಕಾದ್ದು ಆ ದಪ್ಪವನ್ನು ಯಾವ ಸಾಮಗ್ರಿಯಿಂದ ತುಂಬುವುದು ಎಂಬುದನ್ನು. ಕೆಳಗಿನ ಜಿಎಸ್‌ಬಿ (ಮೊದಲು ಹೇಳಿದ ಗರಸಿನ) ಪದರಕ್ಕೆ ಸ್ಥಳೀಯ ಗರಸು, ಜಂಬಿಟ್ಟಿಗೆಯ ಗರಸು, ಕ್ರಷರ್ ಸಾಮಗ್ರಿ ಯಾವುದಾದರೂ ಆಗಬಹುದು, ಆದರೆ 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಹುಡಿ ಶೇ. 5ನ್ನು ಮೀರಿದರೆ ಅದು ನೀರನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಈ ಪದರವನ್ನು ಡಾಂಬರಿನ ಅಗಲಕ್ಕಷ್ಟೇ ನಿಲ್ಲಿಸಿ ಎರಡೂ ಬದಿಗೆ ಮಣ್ಣಿನ ಬರ್ಮ್ ಕಟ್ಟಿದರೆ ಪೆಟ್ಟಿಗೆಯೊಳಗೆ ನೀರು ತುಂಬಿಟ್ಟಂತೆ. ಜಿಎಸ್‌ಬಿಯನ್ನು ಬರ್ಮ್ ದಾಟಿಸಿ ಏರಿಯ ಇಳಿಜಾರಿನವರೆಗೆ ಒಯ್ಯಲೇಬೇಕು. ಹೆಚ್ಚುವರಿ ಸಾಮಗ್ರಿಯ ಬಿಲ್ಲು ನೋಡಿ ಇದನ್ನು ಕತ್ತರಿಸುವವರು ಬಹಳ ಮಂದಿ. ನನ್ನ ತಿಳಿವಳಿಕೆಯಲ್ಲಿ ಹಳ್ಳಿ ರಸ್ತೆಯ ಅಂದಾಜಿನಲ್ಲಿ ಮಾಡಬಹುದಾದ ಅತ್ಯಂತ ಕೆಟ್ಟ ಉಳಿತಾಯ ಇದು.

ಅದರ ಮೇಲೆ 75 ಮಿ.ಮೀ.ನಂತೆ ಎರಡು ಪದರ ಡಬ್ಲ್ಯುಬಿಎಂ (ಸ್ಥಳದಲ್ಲೇ ಜೆಲ್ಲಿ ಹರಡಿ ಹುಡಿ, ನೀರು ಹಾಕಿ ಉರುಳಿಸುವುದು) ಅಥವಾ ಅದರ ಬದಲು ಡಬ್ಲ್ಯುಎಂಎಂ (ಪ್ಲಾಂಟ್‌ನಲ್ಲೇ ಬೆರೆಸಿ ತರುವುದು). ಮಿಕ್ಸ್ ಪ್ಲಾಂಟ್ ಹತ್ತಿರವಿದ್ದರೆ ಎರಡನೆಯದೇ ಲೇಸು, ಏಕೆಂದರೆ ಜೆಲ್ಲಿ, ಹುಡಿ, ನೀರು ಮೂರೂ ಅಳತೆಯಲ್ಲಿ ಬೆರೆತು ಬರುತ್ತವೆ, ಸ್ಥಳದಲ್ಲಿ ಕೂಲಿಯವರ ಕೈಯಳತೆಯ ಮೇಲೆ ನಿಲ್ಲುವುದಿಲ್ಲ. ದಿನಕ್ಕೆ ಹತ್ತಾರು ವಾಹನ ಮಾತ್ರ ಓಡುವ ತೋಟದ ದಾರಿಗಳಿಗೆ ಡಾಂಬರೇ ಬೇಕೆಂದಿಲ್ಲ; ಚೆನ್ನಾಗಿ ಕ್ಯಾಂಬರ್ (ನಡುವಿನಿಂದ ಅಂಚಿಗೆ ಇಳಿಜಾರು) ಕೊಟ್ಟ ಗರಸು ರಸ್ತೆ ಸಾಕು, ಸಂಚಾರ ಹೆಚ್ಚಿದಾಗ ಅದೇ ಮುಂದಿನ ರಸ್ತೆಯ ತಳಹದಿಯಾಗುತ್ತದೆ.

ಕ್ಯಾಂಬರ್ ವಿಷಯದಲ್ಲಿ ರಾಜಿ ಬೇಡ. ತೆಳು ಡಾಂಬರಿನ ಗ್ರಾಮೀಣ ರಸ್ತೆಗೆ ಮಳೆ ಕಡಿಮೆ ಇರುವ ಕಡೆ ಶೇ. 3, ಹೆಚ್ಚಿರುವ ಕಡೆ ಶೇ. 3.5 ಇಳಿಜಾರು ಬೇಕು. 3.75 ಮೀಟರ್ ಅಗಲದಲ್ಲಿ ಇದರ ಅರ್ಥ ನಡುಮಧ್ಯವು ಅಂಚಿಗಿಂತ 56ರಿಂದ 66 ಮಿ.ಮೀ. ಎತ್ತರ ಇರಬೇಕು. ಇದನ್ನು ಪರೀಕ್ಷಿಸಲು ಲೆವೆಲ್ ಯಂತ್ರವೂ ಬೇಕಿಲ್ಲ: ರಸ್ತೆಯ ನಡುವೆ ಒಂದು ಇಟ್ಟಿಗೆಯನ್ನೂ ಎರಡೂ ಅಂಚಿನಲ್ಲಿ ಒಂದೊಂದು ಅಳತೆಪಟ್ಟಿಯನ್ನೂ ಇಟ್ಟು, ಇಟ್ಟಿಗೆಯ ನೆತ್ತಿಯ ಮೇಲೆ ಹಾಯುವಂತೆ ನೀರುಮಟ್ಟದ ದಾರ ಬಿಗಿದು, ಅಂಚಿನಲ್ಲಿ ಸಿಕ್ಕ ಎತ್ತರದಿಂದ ಇಟ್ಟಿಗೆಯ ಎತ್ತರವನ್ನು ಕಳೆದರಾಯಿತು. ಈ ಇಳಿಜಾರನ್ನು ತಳಮಣ್ಣಿನಿಂದಲೇ ಆರಂಭಿಸಿ ಪ್ರತಿ ಪದರದಲ್ಲೂ ಕೊಡಬೇಕು. ಕೊನೆಯಲ್ಲಿ ಕಾರ್ಪೆಟ್‌ನಲ್ಲಿ ಸರಿಪಡಿಸುತ್ತೇವೆ ಎಂದರೆ 20 ಮಿ.ಮೀ.ನಲ್ಲಿ 60 ಮಿ.ಮೀ. ಎಲ್ಲಿಂದ ಬರಬೇಕು?

ಹಂತ 5: ಕೆಲಸ ನಡೆಯುವಾಗ ನೋಡಬೇಕಾದ್ದು

ತಳಮಣ್ಣಿನ ಸಾಂದ್ರತೆ ಮೊದಲನೆಯದು. ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ. 97 ಆದರೂ ಸ್ಥಳದಲ್ಲಿ ಬರಬೇಕು. ಮಣ್ಣು ತೀರಾ ಒಣಗಿದ್ದರೆ ರೋಲರ್ ಎಷ್ಟು ಓಡಿದರೂ ಅದು ಬರುವುದಿಲ್ಲ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ದುಡ್ಡು ಉಳಿಸಿದ ಕಾಮಗಾರಿಗಳು ಮುಂದಿನ ಮಳೆಗಾಲದಲ್ಲಿ ಕುಳಿತುಹೋಗುವುದು ಇದರಿಂದಲೇ.

ಜೆಲ್ಲಿಯ ಪದರ ಮುಗಿದ ಮೇಲೆ ಕಸಬರಿಗೆಯಿಂದ, ಸಾಧ್ಯವಾದರೆ ಗಾಳಿ ಯಂತ್ರದಿಂದ ದೂಳು ತೆಗೆದು ಎಮಲ್ಷನ್‌ನ (ನೀರಿನಲ್ಲಿ ಕದಡಿದ ಡಾಂಬರಿನ) ಪ್ರೈಮ್ ಕೋಟ್, ಅಂದರೆ ಮೊದಲ ಲೇಪ, ಕೊಟ್ಟು, ಒಂದು ದಿನ ಬಿಡಬೇಕು. ದೂಳಿನ ಮೇಲೆ ಬಿದ್ದ ಡಾಂಬರು ಬೆರಳಿನಿಂದ ಎತ್ತಿದರೆ ಚಾಪೆಯಂತೆ ಏಳುವುದನ್ನು ಜನ ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚಿಕೊಳ್ಳುತ್ತಾರಷ್ಟೆ. ಅಲ್ಲಿ ಬಹಳ ಸಲ ತಪ್ಪು ಡಾಂಬರಿನದಲ್ಲ, ಅದರ ಕೆಳಗಿನ ದೂಳಿನದು.

ವಿಜಿ-30 ದರ್ಜೆಯ ಬಿಟುಮಿನ್ (ಡಾಂಬರು) ಬಳಸುವಾಗ ಅದನ್ನು 150ರಿಂದ 165 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು, ಹರಡುವಾಗ ಮಿಶ್ರಣ 140 ಡಿಗ್ರಿಗಿಂತ ಕೆಳಗೆ ಇಳಿದಿರಬಾರದು, ರೋಲಿಂಗ್ 90 ಡಿಗ್ರಿಗೆ ಮೊದಲು ಮುಗಿಯಬೇಕು. ಕೆಲವೇ ನೂರು ರೂಪಾಯಿಗೆ ಸಿಗುವ ಡಯಲ್ ಥರ್ಮಾಮೀಟರ್ ಅನ್ನು ಟಿಪ್ಪರ್‌ನ ಮಿಶ್ರಣದೊಳಗೆ ಚುಚ್ಚಿ ನೋಡುವುದು ಪಂಚಾಯಿತಿ ಸದಸ್ಯರಿಗೂ ಸಾಧ್ಯ. ಟಿಪ್ಪರ್ ಬಂದು ತಾಡಪತ್ರಿ ಮುಚ್ಚದೆ ಅರ್ಧ ದಿನ ನಿಂತಿದ್ದರೆ, ಅಥವಾ ನೀಲಿ ಹೊಗೆ ಏಳುವಷ್ಟು ಸುಟ್ಟಿದ್ದರೆ, ಆ ಲೋಡನ್ನು ಹಿಂದಕ್ಕೆ ಕಳಿಸುವ ಧೈರ್ಯ ಬೇಕು.

ಡಾಂಬರಿನ ಪ್ರಮಾಣವನ್ನೂ ಲೆಕ್ಕ ಹಾಕಿಕೊಳ್ಳಬಹುದು. 20 ಮಿ.ಮೀ. ತೆರೆದ ಕಾರ್ಪೆಟ್‌ಗೆ 10 ಚದರ ಮೀಟರ್‌ಗೆ 14.6 ಕೆ.ಜಿ. ಬಿಟುಮಿನ್, ಅದರ ಮೇಲಿನ ಬಿ ಮಾದರಿಯ ಸೀಲ್ ಕೋಟ್‌ಗೆ 6.8 ಕೆ.ಜಿ. 3.75 ಮೀಟರ್ ಅಗಲದ ಒಂದು ಕಿಲೋಮೀಟರ್ ಎಂದರೆ 3,750 ಚದರ ಮೀಟರ್. ಎರಡಕ್ಕೂ ಸೇರಿ ಸುಮಾರು 8 ಟನ್. ಗುತ್ತಿಗೆದಾರರು ಬಿಟುಮಿನ್ ಖರೀದಿಸಿದ ಇನ್‌ವಾಯ್ಸ್‌ಗಳನ್ನು ಬಿಲ್ಲಿನ ಜೊತೆ ಕೇಳಿ, ಅದರ ಒಟ್ಟು ತೂಕವನ್ನು ಈ ಲೆಕ್ಕಕ್ಕೆ ಹೋಲಿಸಿದರೆ ಅರ್ಧ ತನಿಖೆ ಮುಗಿದಂತೆಯೇ.

ರಸ್ತೆ ಮುಗಿಯುವ ಮುನ್ನ ಒಂದು ಮಾತನ್ನು ಕುಡಿಯುವ ನೀರಿನ ವಿಭಾಗ, ವಿದ್ಯುತ್ ಮತ್ತು ಕೇಬಲ್‌ನವರ ಜೊತೆ ಆಡಿ ಮುಗಿಸಬೇಕು. ಹೊಸ ರಸ್ತೆಯ ಅಡ್ಡಕ್ಕೆ ಪೈಪ್‌ಗಾಗಿ ಅಗೆದು, ಮಣ್ಣನ್ನು ಗುಡ್ಡೆ ಹಾಕಿ ಮುಚ್ಚಿ ಹೋಗುವುದು ನಮ್ಮಲ್ಲಿ ಮಾಮೂಲಿಯಾಗಿದೆ. ಪ್ರತಿ 100–200 ಮೀಟರ್‌ಗೆ, ಮತ್ತು ಮನೆಗಳಿರುವ ಕಡೆ ಇನ್ನೂ ಹತ್ತಿರಕ್ಕೆ, ಖಾಲಿ ಪೈಪನ್ನು ಅಡ್ಡಲಾಗಿ ಮೊದಲೇ ಹೂತು ಅದರ ಜಾಗವನ್ನು ಕಲ್ಲಿನ ಮೇಲೆ ಗುರುತಿಸಿಟ್ಟರೆ ಮುಂದೆ ಯಾರೂ ಅಗೆಯಬೇಕಾಗುವುದಿಲ್ಲ.

ಹಂತ 6: ವರ್ಷದ ನಿರ್ವಹಣೆ

ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆಯ ಅಂದಾಜೊಂದನ್ನು ನಿರ್ವಹಣೆಯ ಚರ್ಚೆಗಳಲ್ಲಿ ಆಗಾಗ ಉಲ್ಲೇಖಿಸುತ್ತಾರೆ: ಮೂರು ವರ್ಷ ನಿರ್ಲಕ್ಷಿಸಿದರೆ ದುರಸ್ತಿಯ ಖರ್ಚು ನಿರ್ವಹಣೆಯ ಖರ್ಚಿನ 6 ಪಟ್ಟು, ಐದು ವರ್ಷ ನಿರ್ಲಕ್ಷಿಸಿದರೆ 18 ಪಟ್ಟು. ಅಂಕಿ ನಮ್ಮ ತಾಲ್ಲೂಕಿಗೆ ಹೆಚ್ಚುಕಮ್ಮಿ ಆಗಬಹುದು, ದಿಕ್ಕು ಬದಲಾಗುವುದಿಲ್ಲ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಮೊದಲ ಐದು ವರ್ಷದ ನಿರ್ವಹಣೆಯನ್ನು ಕಟ್ಟಿದ ಗುತ್ತಿಗೆದಾರರ ಒಪ್ಪಂದದಲ್ಲೇ ಸೇರಿಸಿದ್ದು ಒಳ್ಳೆಯ ಕ್ರಮ. ಊರಿನ ರಸ್ತೆಯ ಆರಂಭದಲ್ಲಿ ನಿಲ್ಲಿಸಿದ ಫಲಕವನ್ನು ಓದಿ ಅವಧಿ ಇನ್ನೂ ಉಳಿದಿದ್ದರೆ ಲಿಖಿತವಾಗಿ ದುರಸ್ತಿಯನ್ನು ಕೇಳಬೇಕು.

ಏಪ್ರಿಲ್–ಮೇ ತಿಂಗಳು ಚರಂಡಿಯದು. ಹೂಳು ತೆಗೆಯುವುದು, ಮೋರಿಗಳ ಎರಡೂ ಬಾಯಿ ಬಿಡಿಸುವುದು, ಬರ್ಮ್ ಮೇಲೆ ಬೆಳೆದ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳುವುದು, ಬಿರುಕುಗಳಿಗೆ ಡಾಂಬರು ತುಂಬುವುದು. ತೆಗೆದ ಹೂಳನ್ನು ಬರ್ಮ್ ಮೇಲೆ ಒಟ್ಟಬಾರದು, ಒಟ್ಟಿದರೆ ರಸ್ತೆಯ ನೀರು ಚರಂಡಿಗೆ ಇಳಿಯದೆ ರಸ್ತೆಯಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ದೊಡ್ಡ ಕೆಲಸ ಬೇಡ; ನಿಂತ ನೀರಿಗೆ ಹಾರೆಯಿಂದ ದಾರಿ ಬಿಡಿಸುವುದು, ಅಪಾಯದ ಗುಂಡಿಗಳನ್ನು ತಣ್ಣನೆಯ ಎಮಲ್ಷನ್ ಮಿಶ್ರಣದಿಂದ ಮುಚ್ಚುವುದು ಸಾಕು. ಹಿಂದೆ ಪ್ರತಿ ರಸ್ತೆಗೆ ಇದ್ದ ಗ್ಯಾಂಗ್‌ಮನ್‌ಗಳು ಈ ಕೆಲಸವನ್ನು ಒಂದು ಸಲಿಕೆಯಲ್ಲಿ ಮುಗಿಸುತ್ತಿದ್ದರು. ಅವರನ್ನು ತೆಗೆದು ಉಳಿಸಿದ ಸಂಬಳಕ್ಕಿಂತ ಹೆಚ್ಚಿನ ಹಣ ಈಗ ಮರುಡಾಂಬರೀಕರಣಕ್ಕೆ ಹೋಗುತ್ತಿದೆ ಎಂದೇ ನನ್ನ ಅನಿಸಿಕೆ.

ಅಕ್ಟೋಬರ್–ನವೆಂಬರ್‌ನಲ್ಲಿ ಪೂರ್ಣ ತಪಾಸಣೆ, ಗುಂಡಿಗಳ ತೇಪೆ, ಕೊಚ್ಚಿಹೋದ ಬರ್ಮ್‌ಗೆ ಗರಸು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಸೀಲ್ ಕೋಟ್ ಅಥವಾ ನವೀಕರಣ. ಮಾರ್ಚ್ ಅಂತ್ಯದ ಬಿಲ್ಲಿನ ಅವಸರದಲ್ಲಿ ಎಲ್ಲವನ್ನೂ ಒಂದೇ ತಿಂಗಳಿಗೆ ತುರುಕುವ ಪದ್ಧತಿ ಈ ಪಂಚಾಂಗಕ್ಕೆ ದೊಡ್ಡ ಶತ್ರು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ ತಪಾಸಣೆ ಇನ್ನೂ ಹೆಚ್ಚು ಬಾರಿ ಬೇಕು, ಮತ್ತು ರಸ್ತೆಯ ಮೇಲೆ ಬಾಗಿದ ಕೊಂಬೆಗಳನ್ನು ಸವರಿ ಬಿಸಿಲು ಬೀಳುವಂತೆ ಮಾಡುವುದೂ ಅಲ್ಲಿ ನಿರ್ವಹಣೆಯ ಭಾಗವೇ.

ಹಂತ 7: ಗುಂಡಿಯನ್ನು ಮುಚ್ಚುವ ಸರಿಯಾದ ರೀತಿ

ಗುಂಡಿಯೊಳಗೆ ಒಂದು ಬುಟ್ಟಿ ಮಿಶ್ರಣ ಸುರಿದು ಟ್ರ್ಯಾಕ್ಟರ್ ಚಕ್ರ ಹತ್ತಿಸಿದರೆ ಅದು ಒಂದು ತಿಂಗಳೂ ನಿಲ್ಲುವುದಿಲ್ಲ. ಗುಂಡಿಯ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಸೀಮೆಸುಣ್ಣದಿಂದ ಚೌಕ ಎಳೆದು, ಆ ಗೆರೆಯ ಮೇಲೆ ಉಳಿಯಿಂದ ನೆಟ್ಟಗೆ ಕಡಿಯಬೇಕು. ಅಂಚು ಓರೆಯಾಗಿದ್ದರೆ ತೆಳುವಾದ ಕಡೆ ಮೊದಲು ಕಿತ್ತುಬರುತ್ತದೆ. ಸಡಿಲವಾದುದನ್ನೆಲ್ಲ ತೆಗೆದು, ತಳದ ಜೆಲ್ಲಿ ಒದ್ದೆಯಾಗಿದ್ದರೆ ಅದನ್ನೂ ತೆಗೆದು ಒಣ ಜೆಲ್ಲಿ ಹಾಕಿ ದಮ್ಮಸ್ ಮಾಡಬೇಕು. ಬಳಿಕ ಗುಡಿಸಿ, ತಳಕ್ಕೂ ನಾಲ್ಕೂ ಗೋಡೆಗೂ ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟುವಂತೆ ಮಾಡುವ ತೆಳು ಡಾಂಬರು ಲೇಪ) ಬಳಿದು, ಆಳವಾದ ಗುಂಡಿಯಾದರೆ 75 ಮಿ.ಮೀ. ಮೀರದ ಪದರಗಳಲ್ಲಿ ಮಿಶ್ರಣ ತುಂಬಿ, ಪ್ರತಿ ಪದರವನ್ನೂ ಅಂಚಿನಿಂದ ನಡುವಿನ ಕಡೆಗೆ ಗುದ್ದಿ, ಕೊನೆಯ ಮೈ ಸುತ್ತಲಿಗಿಂತ ಕೂದಲೆಳೆಯಷ್ಟು ಎತ್ತರ ಇರುವಂತೆ ಬಿಡಬೇಕು. ತೇಪೆಯ ಸುತ್ತಿನ ಗೆರೆಗೆ ಎಮಲ್ಷನ್ ಸವರಿ ಮೇಲೆ ಕಲ್ಲಿನ ಪುಡಿ ಉದುರಿಸಿದರೆ ನೀರು ಒಳಗಿಳಿಯುವುದಿಲ್ಲ. ಅದೇ ಜಾಗದಲ್ಲಿ ಮತ್ತೆ ಗುಂಡಿ ಬಿದ್ದರೆ ತೇಪೆಯನ್ನು ಬಿಟ್ಟು ಪಕ್ಕದ ಚರಂಡಿಯನ್ನು, ಒಡೆದ ನೀರಿನ ಪೈಪನ್ನು ಹುಡುಕಬೇಕು.

ಹಂತ 8: ಮೇಲುಪದರವೋ, ಮರುನಿರ್ಮಾಣವೋ

ಐದಾರು ವರ್ಷದ ಬಳಿಕ ಮೈ ಒಣಗಿ ಬೂದು ಬಣ್ಣಕ್ಕೆ ತಿರುಗಿ, ಸಣ್ಣ ಜೆಲ್ಲಿ ಉದುರತೊಡಗಿದ್ದರೂ ಆಕಾರ ಕೆಟ್ಟಿರದಿದ್ದರೆ ಸರ್ಫೇಸ್ ಡ್ರೆಸಿಂಗ್ (ಡಾಂಬರು ಸಿಂಪಡಿಸಿ ಸಣ್ಣ ಜೆಲ್ಲಿ ಹರಡಿ ಉರುಳಿಸುವುದು) ಅಥವಾ ತೆಳು ಕಾರ್ಪೆಟ್ ಸಾಕು. ರಸ್ತೆಯ ಮೈ ಒಡೆಯುವ ಮುನ್ನವೇ ಇದನ್ನು ಮಾಡಬೇಕು. ಒಡೆದ ಮೇಲೆ ಅದೇ ಹಣಕ್ಕೆ ಅದೇ ಫಲ ಸಿಗುವುದಿಲ್ಲ. ಚಕ್ರದ ಜಾಡಿನಲ್ಲಿ ಮೊಸಳೆ ಚರ್ಮದಂಥ ಬಿರುಕಿನ ಜಾಲ ಕಂಡರೆ ಅದು ಕೆಳಗಿನ ಪದರ ಸೋತ ಗುರುತು. ಅಲ್ಲಿ ಹೊಸ ಕಾರ್ಪೆಟ್ ಹಾಕಿದರೆ ಬಿರುಕು ಒಂದೆರಡು ಮಳೆಗಾಲದೊಳಗೆ ಮತ್ತೆ ಮೇಲೇರುತ್ತದೆ. ದೊಡ್ಡ ರಸ್ತೆಗಳಲ್ಲಿ ಬೆಂಕಲ್‌ಮನ್ ಬೀಮ್ ಅಥವಾ ಎಫ್‌ಡಬ್ಲ್ಯುಡಿ ಯಂತ್ರದಿಂದ, ಭಾರಕ್ಕೆ ರಸ್ತೆ ಎಷ್ಟು ಬಾಗುತ್ತದೆ ಎಂದು ಅಳೆದು ಮೇಲುಪದರದ ದಪ್ಪ ನಿರ್ಧರಿಸುತ್ತಾರೆ. ಹಳ್ಳಿ ರಸ್ತೆಯಲ್ಲಿ ಕೆಟ್ಟ ಕಡೆ ಒಂದೆರಡು ಗುಂಡಿ ತೋಡಿ ಪದರಗಳ ದಪ್ಪವನ್ನೂ ತೇವವನ್ನೂ ನೋಡಿದರೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ. ತೋಡಿದ ಗುಂಡಿಯಲ್ಲಿ ಜೆಲ್ಲಿ ಮಣ್ಣಿನೊಳಗೆ ಹೂತುಹೋಗಿದ್ದರೆ ಆ ತುಂಡನ್ನು ಮಾತ್ರ ಪೂರ್ತಿ ತೆಗೆದು ಕಟ್ಟಿ, ಉಳಿದ ಉದ್ದಕ್ಕೆ ತೆಳು ನವೀಕರಣ ಮಾಡುವುದು ಇಡೀ ರಸ್ತೆಗೆ ಸಮನಾಗಿ ಡಾಂಬರು ಹಂಚುವುದಕ್ಕಿಂತ ಅಗ್ಗ. ಇಡೀ ರಸ್ತೆಯೇ ಸೋತಿದ್ದರೆ ಹಳೆಯ ಪದರಗಳನ್ನು ಯಂತ್ರದಿಂದ ಪುಡಿಮಾಡಿ ಸಿಮೆಂಟ್ ಬೆರೆಸಿ ಅಲ್ಲೇ ತಳಹದಿ ಮಾಡುವ ವಿಧಾನವನ್ನು ಉತ್ತರ ಪ್ರದೇಶದ ಗ್ರಾಮೀಣ ರಸ್ತೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದ್ದಾರೆ. ಹೊಸ ಜೆಲ್ಲಿಯ ಲೀಡ್ ಹೆಚ್ಚಿರುವ ಕಡೆ ಅದರ ದರವನ್ನು ಕೇಳಿ ನೋಡಬಹುದು.

ಈ ತೀರ್ಮಾನಕ್ಕೆಲ್ಲ ಆಧಾರ ಒಂದು ನೋಟ್ ಪುಸ್ತಕ. ಪ್ರತಿ ರಸ್ತೆಗೆ ಒಂದು, ಪ್ರತಿ 200 ಮೀಟರ್‌ಗೆ ಒಂದು ಸಾಲು: ಯಾವ ವರ್ಷ ಯಾವ ಪದರ ಬಿತ್ತು, ಸಿಬಿಆರ್ ಎಷ್ಟಿತ್ತು, ಎಲ್ಲಿ ನೀರು ನಿಂತಿತ್ತು, ಯಾವಾಗ ತೇಪೆ ಹಾಕಿತು, ಯಾರ ಪೈಪ್‌ಗೆ ಅಗೆದರು. ಎಂಜಿನಿಯರರಿಗೆ ವರ್ಗವಾದಾಗ ಆ ಪುಸ್ತಕವನ್ನು ಕಡತದೊಳಗೆ ಸೇರಿಸದೆ, ಬರುವವರ ಕೈಗೇ ಕೊಟ್ಟು ಸಹಿ ಪಡೆಯಬೇಕು.